ಬಾವಿ ಅಗೆಯಬೇಡಿ, ಬಚ್ಚಲು ನೋಡಿ

ಅಕ್ಕ ತಂಗಿಯರೇ, ಎಪ್ರಿಲ್ ಬಂತೆಂದರೆ ನಿಮ್ಮ ಬಾವಿಯಲ್ಲೂ ಕೊಡಪಾನ ಠಣ್ ಎಂದು ಕಲ್ಲಿಗೆ ಬಡಿಯುತ್ತದೆಯೇ? ಅರ್ಧ ನೀರು, ಅರ್ಧ ಕೆಸರು ಮೇಲೆ ಬರುತ್ತದೆಯೇ? ಹಾಗಾದರೆ ಕೈಯಲ್ಲಿರುವ ಕೆಲಸ ಬದಿಗಿಟ್ಟು ಸ್ವಲ್ಪ ಕೇಳಿ.

ನಾನು ಬಾಗಿ. ಕುದ್ರೋಳಿಯಲ್ಲಿ ನೂರ್ ಮುಹಮ್ಮದ್ ಸಾಹುಕಾರರ ಬಾಡಿಗೆ ಮನೆಗಳ ಸಾಲು ಉಂಟಲ್ಲ, ಅದರಲ್ಲಿ ಕೊನೆಯ ಮನೆ ನಮ್ಮದು. ಬೀಡಿ ಕಟ್ಟುತ್ತೇನೆ. ಜಗಳಕ್ಕೆ ಯಾರಾದರೂ ಬಂದರೆ ಬರಿಗೈಯಲ್ಲಿ ಕಳಿಸುವುದಿಲ್ಲ. ಈ ಕಥೆಯಲ್ಲಿ ಮೊದಲು ತಪ್ಪು ಮಾತಾಡಿದವಳು ನಾನೇ. ಊರಿನವರ ತಪ್ಪು ಹೇಳುವಾಗ ನನ್ನ ನಾಲಿಗೆ ಚೆನ್ನಾಗಿ ಓಡುತ್ತದೆ, ನನ್ನದನ್ನು ಹೇಳುವಾಗ ಸ್ವಲ್ಪ ತಡವರಿಸುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ನೀವು ಅದೇ ತಪ್ಪು ಮಾಡಬಾರದು.

ಇದು ಎರಡು ವರ್ಷದ ಹಿಂದಿನ ಮಾತು, ಅರುವತ್ತೊಂದನೆಯ ಇಸವಿ. ನಮ್ಮ ಸಾಲಿನ ಆರು ಮನೆಗಳಿಗೆ ಒಂದೇ ಬಾವಿ. ಮಳೆಗಾಲದಲ್ಲಿ ಕೈ ಬಗ್ಗಿಸಿದರೆ ನೀರು ಸಿಗುತ್ತದೆ. ಆ ವರ್ಷ ಎಪ್ರಿಲ್ ನಡುವಿಗೇ ತಳ ಕಾಣಿಸಿತು. ನನ್ನ ಮಗಳು ಮುದ್ದು ಕೊಟ್ಟಾರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ದಿನ ಹತ್ತಿರ ಬಂದಿತ್ತು. ಬಾಣಂತನವೆಂದರೆ ನಿಮಗೆ ಗೊತ್ತುಂಟು. ಬಾಣಂತಿಯ ಮೈಗೆ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯಬೇಕು, ಮಗುವಿಗೆ ಬೇರೆ, ಬಟ್ಟೆಗಳಿಗೆ ಬೇರೆ. ತಳದಲ್ಲಿ ಎರಡು ಕೊಡ ಕೆಸರು ಇಟ್ಟುಕೊಂಡು ನಾನು ಯಾವ ಬಾಣಂತನ ಮಾಡುವುದು? ನನಗೆ ನಿದ್ದೆ ಬರುತ್ತಿರಲಿಲ್ಲ.

ಸಾಹುಕಾರರಿಗೆ ಹೇಳಿ ಕಳಿಸಿದೆವು. ಅವರು ಒಳ್ಳೆಯವರು, ಮರುದಿನವೇ ಬಾವಿ ತೋಡುವ ಚೆನ್ನಪ್ಪನನ್ನು ಕರಕೊಂಡು ಬಂದರು. ಚೆನ್ನಪ್ಪ ಬಗ್ಗಿ ನೋಡಿ, ಒಂದು ಕಲ್ಲು ಹಾಕಿ ಸದ್ದು ಕೇಳಿ, "ಎರಡು ಕೋಲು, ಒಂದು ಆಳೆತ್ತರ ಅಗೆದ್ರೆ ಆಯ್ತು ಸಾಹುಕಾರ್ರೆ, ನೀರು ಬುಗ್ಗೆ ಬರ್ತದೆ" ಎಂದ. ನಮಗೆಲ್ಲ ಜೀವ ಬಂದ ಹಾಗಾಯಿತು.

ಆಗ ಮೂರನೆಯ ಮನೆಯ ಆಸ್ಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾವಿಕಟ್ಟೆಯ ಹತ್ತಿರ ಬಂದು, "ಅಗೆಯುವುದು ಬೇಡ" ಎಂದಳು.

ಆಸ್ಯಮ್ಮನ ಗಂಡ ಯಾಹ್ಯಾ ಬಂದರಿನಿಂದ ಪಡುಗಡಲಿನ ದ್ವೀಪಗಳಿಗೆ ಹೋಗುವ ಮಂಜಿಯಲ್ಲಿ ತಂಡೇಲ, ಅಂದರೆ ಖಲಾಸಿಗಳ ಯಜಮಾನ. ಮಂಜಿಯೆಂದರೆ ಹಾಯಿ ಕಟ್ಟಿದ ದೊಡ್ಡ ಹಡಗು, ಇಲ್ಲಿಂದ ಅಕ್ಕಿ, ಹಂಚು ಹೊತ್ತುಕೊಂಡು ಹೋಗಿ ಅಲ್ಲಿಂದ ಕೊಬ್ಬರಿ, ಹುರಿಹಗ್ಗ ತರುತ್ತದೆ. ಆಗ ಅವನು ಕಡಲಲ್ಲಿದ್ದ. ಗಂಡ ಮನೆಯಲ್ಲಿಲ್ಲದ ಹೆಂಗಸು ನಾಲ್ಕು ಗಂಡಸರ ಎದುರು ಬಂದು ಬೇಡ ಎಂದದ್ದು ಕೇಳಿ ಚೆನ್ನಪ್ಪನ ಬಾಯಿಯ ಬೀಡಿ ಅಲ್ಲಿಯೇ ನಿಂತಿತು.

"ಯಾಕೆ ಬೇಡ?" ಸಾಹುಕಾರರು ಕೇಳಿದರು.

"ಉಪ್ಪಾಗ್ತದೆ. ನಾನು ಸಣ್ಣವಳಿರುವಾಗ ನಮ್ಮ ತಂದೆ ದ್ವೀಪದಲ್ಲಿ ಸರಕಾರದ ಉಗ್ರಾಣದಲ್ಲಿದ್ದರು. ನಾವು ನಾಲ್ಕು ವರ್ಷ ಅಲ್ಲಿದ್ದೆವು. ಈ ಕಡೆಯಿಂದ ಆ ಕಡೆಗೆ ನಡೆದ್ರೆ ಒಂದು ಎಲೆ-ಅಡಿಕೆ ತಿಂದು ಮುಗಿಯುವುದರೊಳಗೆ ಸಮುದ್ರ ಸಿಗ್ತದೆ. ಅಂಥ ಜಾಗದಲ್ಲಿ ಕೂಡ ಸಿಹಿನೀರಿನ ಬಾವಿ ಇತ್ತು. ನಮ್ಮ ಹಾಗೇ ಒಬ್ಬರಿಗೆ ಬೇಸಿಗೆಯಲ್ಲಿ ನೀರು ಸಾಲಲಿಲ್ಲ ಅಂತ ಆಳ ಮಾಡಿಸಿದ್ರು. ಎಂಟು ದಿನ ನೀರೋ ನೀರು. ಒಂಬತ್ತನೇ ದಿನ ಬಾಯಿಗೆ ಇಡ್ಲಿಕ್ಕೆ ಆಗಲಿಲ್ಲ."

"ಅದು ದ್ವೀಪ ಮಾರಾಯ್ತಿ. ಇದು ಮಂಗಳೂರು" ಎಂದೆ ನಾನು.

"ಸಮುದ್ರಕ್ಕೆ ಅದೆಲ್ಲ ಗೊತ್ತುಂಟಾ ಬಾಗಿಯಕ್ಕ? ಕಡಲಿನ ಬದಿಯಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಅಡಿಯಲ್ಲಿ. ಹಾಲಿನ ಮೇಲೆ ಕೆನೆ ನಿಂತ ಹಾಗೆ. ಕೆನೆ ಬೇಕಾದ್ರೆ ಮೆಲ್ಲ ತೆಗೀಬೇಕು. ಸೌಟು ಅಡಿಗೆ ಹಾಕಿದ್ರೆ ಕೆನೆ ಹೇಗೆ ಬರ್ತದೆ?"

ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಮಗಳು ಇವತ್ತೋ ನಾಳೆಯೋ ಅಂತ ಇದ್ದಾಳೆ. ಅವಳಿಗೆ ಕೆನೆ ತೆಗೆದು ಕೊಡ್ತೀಯಾ ಸ್ನಾನಕ್ಕೆ?" ಎಂದು ಕೂಗಿದೆ. ಇನ್ನೂ ಕೆಲವು ಮಾತು ಆಡಿದೆ. ಅದನ್ನು ಈ ಹಾಳೆಯಲ್ಲಿ ಬರೆಸುವುದಿಲ್ಲ. ಆಸ್ಯಮ್ಮ ಬಾವಿಕಟ್ಟೆಯ ಮೇಲೆ ಹತ್ತಿ, ಕಾಲು ಮಡಚಿ ಕುಳಿತುಬಿಟ್ಟಳು. "ಅಗೆಯುವುದಾದ್ರೆ ಮೊದಲು ನನ್ನನ್ನು ಇಳಿಸಿ" ಎಂದಳು. ಪರಪುರುಷರು ಅವಳನ್ನು ಮುಟ್ಟಿ ಇಳಿಸುವುದು ಹೇಗೆ? ಚೆನ್ನಪ್ಪ ಪಿಕ್ಕಾಸು ಹೆಗಲಿಗೆ ಹಾಕಿ, ನಾಳೆ ಬರುತ್ತೇನೆ ಎಂದು ಹೋದ.

ಆ ಸಂಜೆ ಹೆರಿಗೆ ನರ್ಸು ಕ್ರಿಸ್ಟಿನ್ ಬಾಯಿ ಮುದ್ದುವನ್ನು ನೋಡಲು ಬಂದರು. ನಾನು ಅವರ ಹತ್ತಿರ ದೂರು ಹೇಳಿದೆ. ಅವರು ನನ್ನ ಪರವಾಗಿ ಮಾತಾಡಬಹುದೆಂದು ಎಣಿಸಿದ್ದೆ. ಅವರು ಮುದ್ದುವಿನ ಹೊಟ್ಟೆ ಮುಟ್ಟಿ ನೋಡಿ, ಕೈ ತೊಳೆದು, "ಆ ಕೈ ತೊಳೆದ ನೀರು ಎಲ್ಲಿಗೆ ಹೋಯಿತು ಬಾಗಿಯಕ್ಕ?" ಎಂದು ಕೇಳಿದರು.

"ಎಲ್ಲಿಗೆ ಹೋಗ್ತದೆ? ಅಂಗಳಕ್ಕೆ."

"ಬಟ್ಟೆ ಒಗೆದ ನೀರು?"

"ಓಣಿಗೆ."

"ಅಂಗಳದಲ್ಲಿ ಸೊಳ್ಳೆ, ಓಣಿಯಲ್ಲಿ ಕೆಸರು, ಬಾವಿಯಲ್ಲಿ ಮಾತ್ರ ನೀರಿಲ್ಲ" ಎಂದು ಕ್ರಿಸ್ಟಿನ್ ಬಾಯಿ ನಕ್ಕರು. "ಮೊನ್ನೆ ರಷ್ಯಾದವನೊಬ್ಬ ಆಕಾಶಕ್ಕೆ ಹೋಗಿ ಬಂದನಲ್ಲ, ಕೇಳಿದ್ದೀರಾ?"

ನನ್ನ ಗಂಡ ಬೂಬ ಹಂಚಿನ ಕಾರ್ಖಾನೆಯಿಂದ ಆಗ ತಾನೇ ಬಂದು ಜಗಲಿಯಲ್ಲಿ ಕುಳಿತಿದ್ದರು. ಅವರಿಗೆ ಪೇಪರಿನ ಸುದ್ದಿಯೆಂದರೆ ಪ್ರಾಣ. "ಗೊತ್ತುಂಟು. ಎರಡು ಗಂಟೆಯೊಳಗೆ ಭೂಮಿಗೆ ಒಂದು ಸುತ್ತು ಹಾಕಿ ಇಳಿದನಂತೆ. ನಮಗೆ ಇಲ್ಲಿಂದ ಉಡುಪಿಗೆ ಹೋಗ್ಲಿಕ್ಕೆ ಒಂದು ದಿನ ಬೇಕು" ಎಂದರು.

"ಎರಡು ಗಂಟೆಗೆ ಒಂದು ಬಾಟ್ಲಿ ನೀರು ಸಾಕು. ಮುಂದೆ ತಿಂಗಳುಗಟ್ಟಲೆ ಅಲ್ಲಿಯೇ ಇರುವ ಯೋಚನೆ ಉಂಟಂತೆ. ಆಕಾಶದಲ್ಲಿ ಬಾವಿ ಉಂಟಾ? ಕಸ ಬಿಸಾಡ್ಲಿಕ್ಕೆ ಹಿತ್ತಿಲು ಉಂಟಾ? ಅದಕ್ಕೆ ಉಸಿರಿನ ತೇವ, ಬೆವರು, ಮೂತ್ರ ಸಮೇತ ಹಿಡಿದು, ಶುದ್ಧ ಮಾಡಿ ಪುನಃ ಕುಡಿಯುವ ದಾರಿ ಹುಡುಕ್ತಾ ಇದ್ದಾರೆ, ದೊಡ್ಡ ದೊಡ್ಡ ವಿಜ್ಞಾನಿಗಳು."

"ಥೂ! ಥೂ!" ನಾನು ಎದ್ದು ಹೋಗಿ ಅಂಗಳಕ್ಕೆ ಉಗುಳಿ ಬಂದೆ.

"ಅದನ್ನು ಕುಡಿಯುವುದಾದ್ರೆ ನಾನು ಭೂಮಿಯಲ್ಲೇ ಇರ್ತೇನೆ ಬಾಯಿ" ಎಂದರು ಇವರು.

"ನೀವು ಕುಡಿಯಬೇಡಿ ಮಾರಾಯ್ರೆ. ಕುಡಿಯಲಿಕ್ಕೆ, ಅಡಿಗೆಗೆ, ಮಗುವಿಗೆ ಬಾವಿಯ ನೀರೇ ಆಗಬೇಕು, ಅದೂ ಕುದಿಸಿದ್ದು. ನಾನು ಕೇಳುವುದು ಬೇರೆ. ಬಾಳೆಗಿಡಕ್ಕೆ ಸಿಹಿನೀರು ಯಾಕೆ? ಕಕ್ಕಸಿಗೆ ಸಿಹಿನೀರು ಯಾಕೆ? ಅಂಗಳಕ್ಕೆ ಸೆಗಣಿ ಸಾರಿಸ್ಲಿಕ್ಕೆ ಸಿಹಿನೀರು ಯಾಕೆ?"

"ಬಳಸಿದ ನೀರು ಮೈಲಿಗೆ ಅಲ್ವಾ ಬಾಯಿ? ಅದನ್ನು ಪುನಃ ಮುಟ್ಟುವುದಾ?" ಎಂದೆ ನಾನು.

ಬೇಲಿಯ ಆಚೆಯಿಂದ ಆಸ್ಯಮ್ಮನ ದನಿ ಬಂತು. ಅವಳು ಅಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ನಿನ್ನ ಬಸಳೆ ಚಪ್ಪರ ಯಾವ ನೀರು ಕುಡಿದು ಇಷ್ಟು ದಪ್ಪ ಆಗಿದೆ ಬಾಗಿಯಕ್ಕ? ಅದರ ಬುಡ ನಿನ್ನ ಬಚ್ಚಲ ಹಿಂದೆ ಅಲ್ವಾ? ಸಿಗಡಿ ಹಾಕಿ ಪದಾರ್ಥ ಮಾಡುವಾಗ ಮೈಲಿಗೆ ಎಲ್ಲಿಗೆ ಹೋಗ್ತದೆ?"

ನಮ್ಮೂರಿನಲ್ಲಿ ಬಸಳೆ ನೆಡುವುದೇ ಬಚ್ಚಲ ನೀರು ಹರಿಯುವಲ್ಲಿ. ಅಜ್ಜಿಯ ಕಾಲದಿಂದ ಹಾಗೆಯೇ. ಒಂದು ಗಿಡಕ್ಕೆ ಸರಿಯಾದದ್ದು ಇಡೀ ಹಿತ್ತಿಲಿಗೆ ಯಾಕೆ ಸರಿಯಲ್ಲ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಆದರೆ ಸೋತೆ ಎಂದು ಹೇಳಲು ನನ್ನಿಂದಾಗಲಿಲ್ಲ. "ಬಸಳೆ ಬೇರೆ, ಬಾಣಂತನ ಬೇರೆ" ಎಂದು ಗೊಣಗಿದೆ.

ಮರುದಿನ ಸಾಹುಕಾರರು ಒಂದು ತೀರ್ಮಾನ ಮಾಡಿಯೇ ಹೋಗುತ್ತೇನೆಂದು ಚೆನ್ನಪ್ಪನನ್ನು ಕರಕೊಂಡು ಬಂದು ಆಸ್ಯಮ್ಮನ ಜಗಲಿಯಲ್ಲಿ ಕುಳಿತರು. ಮನೆಗೆ ಬಂದವರಿಗೆ ಚಾಯ ಕೊಡದೆ ಇರುವ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಆಸ್ಯಮ್ಮ ಒಳ್ಳೆಯ ಪಿಂಗಾಣಿ ಕಪ್ಪಿನಲ್ಲಿ ಹಾಲು, ಸಕ್ಕರೆ, ಏಲಕ್ಕಿ ಎಲ್ಲ ಹಾಕಿದ ಚಾಯ ಮಾಡಿ ಕಳಿಸಿದಳು. ತಟ್ಟೆ ಹಿಡಿದುಕೊಂಡು ಹೋದವಳು, ಏನಾಗುತ್ತದೆ ನೋಡಲು ಬಂದಿದ್ದ ನಾನೇ. ಸಾಹುಕಾರರು ಒಂದು ಗುಟುಕು ಕುಡಿದರು. ಮುಖ ಹುಳಿಮಾವು ಕಚ್ಚಿದವರ ಹಾಗಾಯಿತು. ಮರ್ಯಾದಸ್ಥರು, ಉಗುಳಲಿಲ್ಲ, ನುಂಗಿದರು.

"ಇದು ಎಂತ ಚಾಯ? ಉಪ್ಪು ಹಾಕಿದ್ದೀರಾ?"

ಆಸ್ಯಮ್ಮ ಬಾಗಿಲ ಮರೆಯಿಂದ ಹೇಳಿದಳು: "ಒಂದು ಚಿಟಿಕೆ ಉಪ್ಪು ಹಾಕಲಿಲ್ಲ ಸಾಹುಕಾರ್ರೆ. ಆಚೆ ಓಣಿಯ ಬಾವಿಯ ನೀರು. ಹೋದ ವರ್ಷ ಅದನ್ನು ಎರಡು ಕೋಲು ಆಳ ಮಾಡಿದ್ದು. ಚೆನ್ನಪ್ಪನನ್ನೇ ಕೇಳಿ."

ಆಚೆ ಓಣಿಯ ಬಾವಿ ಉಪ್ಪಾದದ್ದು ನಮಗೆಲ್ಲ ಗೊತ್ತಿತ್ತು. ನಾಗನ ಕಲ್ಲಿನ ಹತ್ತಿರ ಅಗೆದದ್ದಕ್ಕೆ ಶಾಪ ಎಂದು ನಾವು ಹೇಳುತ್ತಿದ್ದೆವು. ಹೊಳೆಯ ಉಬ್ಬರ ಏರಿ ಬಂತು ಎಂದು ಇನ್ನು ಕೆಲವರು. ಆಳ ಮಾಡಿದ್ದಕ್ಕೇ ಹಾಗಾಯಿತು ಎಂದು ಒಬ್ಬರಾದರೂ ಹೇಳಿರಲಿಲ್ಲ. ಚೆನ್ನಪ್ಪ ನೆಲ ನೋಡುತ್ತಾ, "ಅಗೆದ ಮೇಲೆಯೇ ಆದದ್ದು, ಹೌದು" ಎಂದ.

ಸಾಹುಕಾರರು ಕಪ್ಪು ಕೆಳಗಿಟ್ಟರು. ಸಿಟ್ಟು ಬಂದಿತ್ತು, ಆದರೆ ನ್ಯಾಯವಂತರು. "ಹದಿನೈದು ದಿನ ಕೊಡ್ತೇನೆ. ಅಗೆಯದೆ, ಇದ್ದ ನೀರಿನಲ್ಲೇ ಸುಧಾರಿಸಿ ತೋರಿಸು. ನೀರು ಸಾಲದಿದ್ರೆ ಅಗೆಯುವುದೇ" ಎಂದರು.

ಆ ಹದಿನೈದು ದಿನ ಆಸ್ಯಮ್ಮ ನಮ್ಮ ಆರು ಮನೆಯ ಮೇಲೆ ತಂಡೇಲನ ಹಾಗೆ ದರ್ಬಾರು ಮಾಡಿದಳು. ಬೆಳಿಗ್ಗೆ ಮತ್ತು ಸಂಜೆ ಮಾತ್ರ ನೀರು ಸೇದಬೇಕು, ನಡುವೆ ಬಾವಿ ವಿಶ್ರಾಂತಿ ಪಡೆಯಬೇಕು. ಅಕ್ಕಿ ತೊಳೆದ ನೀರಿನಲ್ಲಿ ಮೀನು ತೊಳೆಯಬೇಕು, ಮೀನು ತೊಳೆದ ನೀರು ತೆಂಗಿನ ಬುಡಕ್ಕೆ. ಮೀನಿನ ಕಸ, ತರಕಾರಿ ಸಿಪ್ಪೆ ಕೂಡ ಅಲ್ಲಿಯೇ ಗುಂಡಿ ತೆಗೆದು ಮುಚ್ಚಬೇಕು. "ಮಂಜಿಯಲ್ಲಿ ಇವರು ಪಾತ್ರೆ ತೊಳೆಯುವುದು ಕಡಲ ನೀರಿನಲ್ಲಿ, ಗಂಜಿಗೆ ಕೂಡ ಅರ್ಧ ಕಡಲ ನೀರು. ಸಿಹಿನೀರಿನಿಂದ ಮೂರು ಕೆಲಸ ಮಾಡಿಸದೆ ಬಿಡುವುದಿಲ್ಲ" ಎನ್ನುತ್ತಿದ್ದಳು.

ನನ್ನ ಗಂಡ ಕಾರ್ಖಾನೆಯಿಂದ ಒಡೆದ ಹಂಚಿನ ಚೂರು ಹೊತ್ತು ತಂದರು. ನಮ್ಮ ಬಚ್ಚಲ ಹಿಂದೆ, ಬಾವಿಯಿಂದ ಐವತ್ತು ಅಡಿಗಿಂತ ದೂರದಲ್ಲಿ, ಸೊಂಟದಷ್ಟು ಆಳದ ಗುಂಡಿ ತೆಗೆದು ಅಡಿಯಲ್ಲಿ ಹಂಚಿನ ಚೂರು, ಅದರ ಮೇಲೆ ಇದ್ದಿಲು, ಅದರ ಮೇಲೆ ಹೊಯಿಗೆ, ಅಂದರೆ ಮರಳು, ಹಾಕಿದೆವು. ಸ್ನಾನದ ನೀರು, ಬಟ್ಟೆಯ ನೀರು ಅದರಲ್ಲಿ ಸೋಸಿ, ಬದಿಯಲ್ಲಿ ಹುಗಿದ ಮಡಕೆಗೆ ಇಳಿಯುತ್ತಿತ್ತು. ಆ ನೀರು ಕಕ್ಕಸಿಗೆ, ಅಂಗಳಕ್ಕೆ, ಬಾಳೆಗೆ. ಮಡಕೆಗೆ ಮುಚ್ಚಳ ಕಡ್ಡಾಯ, ಸೊಳ್ಳೆ ಮೊಟ್ಟೆ ಇಡಬಾರದು. ಕ್ರಿಸ್ಟಿನ್ ಬಾಯಿ ಬಂದು ನೋಡಿ, ಮಡಕೆಗೆ ಸುಣ್ಣದಿಂದ ದೊಡ್ಡ ಗುರುತು ಹಾಕಿಸಿದರು, ಯಾರೂ ತಪ್ಪಿ ಕುಡಿಯದ ಹಾಗೆ.

ಈಗ ನನ್ನ ಕಳ್ಳತನ. ಎರಡನೆಯ ದಿನ ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ್ದಾಗ ನಾನು ಮೆಲ್ಲನೆ ಹೋಗಿ ಆರು ಕೊಡ ಸೇದಿದೆ. ಮಗಳಿಗೆ ಬೇಕಲ್ಲ! ಸಂಜೆ ಉಳಿದವರಿಗೆ ಬರೀ ಕೆಸರು ಬಂತು. ಆಸ್ಯಮ್ಮ ಸೀದಾ ನನ್ನ ಬಾಗಿಲಿಗೆ ಬಂದಳು. ಜಗಳಕ್ಕೆ ನಾನು ಸೊಂಟ ಕಟ್ಟಿ ನಿಂತೆ.

"ಬಾಗಿಯಕ್ಕ, ನೀನು ಆರು ಕೊಡ ತೆಗೆದದ್ದು ನಮ್ಮಿಂದ ಅಲ್ಲ. ಮುದ್ದುವಿನ ನಾಳೆಯಿಂದ ತೆಗೆದದ್ದು" ಎಂದಳು. ಅಷ್ಟೇ ಹೇಳಿ ಹೋದಳು. ನಾಲ್ಕು ಬೈದಿದ್ದರೆ ನಾನು ಎಂಟು ಬೈಯುತ್ತಿದ್ದೆ. ಹೀಗೆ ಹೇಳಿದ್ದಕ್ಕೆ ನನಗೆ ಅಳು ಬಂತು. ಮತ್ತೆ ಹೊತ್ತಲ್ಲದ ಹೊತ್ತಿನಲ್ಲಿ ನಾನು ಹಗ್ಗ ಮುಟ್ಟಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮುದ್ದುವಿಗೆ ನೋವು ಶುರುವಾಯಿತು. ಕ್ರಿಸ್ಟಿನ್ ಬಾಯಿ ಬಂದರು. ನಡು ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲೆ ಇರುವಾಗ ಹೆಣ್ಣು ಮಗು ಹುಟ್ಟಿತು. ಮಗುವಿನ ಕೂಗು ಕೇಳಿ ನಾವು ಸಂತೋಷಪಡುವಷ್ಟರಲ್ಲೇ ಕ್ರಿಸ್ಟಿನ್ ಬಾಯಿ, "ನೀರು! ಇನ್ನೂ ನೀರು ಬೇಕು, ರಕ್ತ ಹೋಗ್ತಾ ಉಂಟು, ಕೈ, ಬಟ್ಟೆ ಎಲ್ಲ ಶುದ್ಧ ಆಗ್ಬೇಕು, ಒಲೆ ಆರಿಸಬೇಡಿ" ಎಂದರು. ಮನೆಯಲ್ಲಿದ್ದ ಎರಡು ಹಂಡೆ ಮುಗಿದಿತ್ತು. ನಾನು ಕೊಡಪಾನ ಎತ್ತಿ ಬಾವಿಗೆ ಓಡಿದೆ. ಓಡುತ್ತಾ ಇದ್ದ ಬಿದ್ದ ದೈವಗಳಿಗೆಲ್ಲ ಹರಕೆ ಹೇಳಿಕೊಂಡೆ. ಮಧ್ಯಾಹ್ನದ ಹೊತ್ತು, ಈ ನಿಯಮ ಶುರುವಾಗುವ ಮೊದಲು ಈ ಹೊತ್ತಿಗೆ ತಳದಲ್ಲಿ ಕಪ್ಪೆಗೆ ಕೂಡ ನೀರಿರಲಿಲ್ಲ.

ಹಗ್ಗ ಬಿಟ್ಟೆ. ಠಣ್ ಎನ್ನಲಿಲ್ಲ. ಗುಳುಗುಳು ಎಂದಿತು. ಕೊಡಪಾನ ಕಂಠದವರೆಗೆ ತುಂಬಿ ಬಂತು, ತಿಳಿನೀರು. ನಾನು ಬಗ್ಗಿ ನೋಡಿದೆ. ತಳದ ಕಲ್ಲು ಕಾಣಿಸಲಿಲ್ಲ.

ಇನ್ನೊಂದು ಕೊಡ ಎಳೆಯುವಾಗ ಹಗ್ಗದ ಮೇಲೆ ನನ್ನ ಕೈಯ ಪಕ್ಕದಲ್ಲಿ ಆಸ್ಯಮ್ಮನ ಕೈ ಇತ್ತು. "ಇವತ್ತು ಹೊತ್ತುಗೊತ್ತಿನ ಲೆಕ್ಕ ಇಲ್ಲ ಬಾಗಿಯಕ್ಕ. ಇವತ್ತಿಗೆ ಅಂತಲೇ ಉಳಿಸಿದ್ದು" ಎಂದಳು. ಒಂದು ಗಂಟೆಯಲ್ಲಿ ಮುದ್ದುವಿನ ರಕ್ತ ನಿಂತಿತು. ಆ ದಿನ ಬಾವಿಯಲ್ಲಿ ಕೆಸರು ಮಾತ್ರ ಇದ್ದಿದ್ದರೆ? ಈಗಲೂ ಅದನ್ನು ಯೋಚಿಸಿದರೆ ಬೀಡಿಯ ಎಲೆ ಕೈಯಿಂದ ಜಾರುತ್ತದೆ.

ಹದಿನೈದು ದಿನ ಮುಗಿಯಿತು. ನೀರು ಸಾಕಾಯಿತು. ಆದರೆ ಹದಿನಾರನೆಯ ದಿನ ಬೆಳಿಗ್ಗೆ ಚೆನ್ನಪ್ಪ ಪಿಕ್ಕಾಸು, ಬುಟ್ಟಿ, ಇಬ್ಬರು ಆಳುಗಳ ಜೊತೆ ಬಂದು ನಿಂತ. ಸಾಹುಕಾರರು ಸಾಲಿನ ತುದಿಯಲ್ಲಿ ಇನ್ನೂ ಎರಡು ಮನೆ ಕಟ್ಟಿಸುವ ಅಂದಾಜು ಮಾಡಿದ್ದರು. ಎಂಟು ಮನೆಗೆ ಸಾಲಬೇಡವೇ, ಮಳೆಗೆ ಮೊದಲು ಆಳ ಮಾಡಿಬಿಡೋಣ ಎಂದು ಅವರ ಲೆಕ್ಕ. ಆಸ್ಯಮ್ಮ ಮನೆಯಲ್ಲಿರಲಿಲ್ಲ, ಉರ್ವದಲ್ಲಿ ಅವಳ ತಂಗಿಗೆ ಹುಷಾರಿಲ್ಲವೆಂದು ಹೋಗಿದ್ದಳು.

ಚೆನ್ನಪ್ಪ ಹಗ್ಗ ಬಿಚ್ಚಿದ. ನನ್ನ ಕಾಲು ನನ್ನನ್ನು ಕೇಳದೆ ನಡೆಯಿತು. ನಾನು ಬಾವಿಕಟ್ಟೆ ಹತ್ತಿದೆ.

"ಇಳಿ ಬಾಗಿಯಕ್ಕ. ನಾನು ಕೂಲಿಯವ. ಹೇಳಿದ ಕೆಲಸ ಮಾಡ್ಬೇಕು."

"ಮಾಡು. ನನ್ನ ಮೇಲೆ ಹಾಯ್ದುಕೊಂಡು ಇಳಿದು ಮಾಡು."

"ಮೊನ್ನೆ ಅಗೆಯಿರಿ ಅಂತ ಬೊಬ್ಬೆ ಹೊಡೆದದ್ದು ನೀನೇ ಅಲ್ವಾ?"

"ಹೌದು, ನಾನೇ. ಆವತ್ತು ನನಗೆ ಗೊತ್ತಿರಲಿಲ್ಲ. ಇವತ್ತು ಗೊತ್ತುಂಟು. ಗೊತ್ತಾದ ಮೇಲೂ ಸುಮ್ಮನಿದ್ರೆ ನಾನು ಮನುಷ್ಯಳಾ?"

ಗಲಾಟೆ ಕೇಳಿ ಓಣಿಯೇ ಸೇರಿತು. ಸಾಹುಕಾರರೂ ಬಂದರು. ನನ್ನ ಗಂಡ ದೂರದಿಂದ ಕೈಸನ್ನೆ ಮಾಡಿದರು, ಇಳಿ, ಬಾಡಿಗೆ ಮನೆ ಹೋಗುತ್ತದೆ ಎಂದು. ನಾನು ನೋಡಲಿಲ್ಲ.

"ಸಾಹುಕಾರ್ರೆ, ಹದಿನೈದು ದಿನದಲ್ಲಿ ಒಂದು ದಿನ ನೀರು ಸಾಲಲಿಲ್ಲ ಅಂತ ಯಾರಾದರೂ ನಿಮ್ಮ ಹತ್ತಿರ ಬಂದಿದ್ದಾರಾ? ಮಧ್ಯೆ ಒಂದು ಬಾಣಂತನ ಆಯ್ತು, ಆಗಲೂ ಸಾಕಾಯ್ತು. ಬಾವಿ ನಿಮ್ಮದು. ನೆಲ ನಿಮ್ಮದು. ನೆಲದಡಿಯ ಸಿಹಿನೀರು ನಿಮ್ಮದಲ್ಲ, ನನ್ನದೂ ಅಲ್ಲ. ಮೊನ್ನೆ ಹುಟ್ಟಿದವಳದ್ದು. ಅದನ್ನು ಉಪ್ಪು ಮಾಡ್ಲಿಕ್ಕೆ ನಾನು ಬಿಡುವುದಿಲ್ಲ. ಮನೆ ಖಾಲಿ ಮಾಡಿಸುವುದಾದ್ರೆ ಮಾಡಿಸಿ. ಈ ಕಟ್ಟೆಯನ್ನು ಮಾತ್ರ ಖಾಲಿ ಮಾಡುವುದಿಲ್ಲ."

ಮೊದಲನೆಯ ಮನೆಯ ಐಸಮ್ಮ ಬಂದು ನನ್ನ ಪಕ್ಕದಲ್ಲಿ ಹತ್ತಿ ಕುಳಿತಳು. ಅವಳಿಗೆ ಎಪ್ಪತ್ತು ವರ್ಷ. ಮತ್ತೆ ಇನ್ನೊಬ್ಬಳು. ಕಟ್ಟೆಯಲ್ಲಿ ಜಾಗ ಸಾಲದೆ ಉಳಿದವರು ಸುತ್ತ ನಿಂತರು.

ಸಾಹುಕಾರರು ಬಾವಿಗೆ ಬಗ್ಗಿ ನೋಡಿದರು. ಒಂದು ಕೊಡ ಸೇದಲು ಹೇಳಿ, ಬೊಗಸೆಯಲ್ಲಿ ಹಿಡಿದು ಕುಡಿದರು.

"ಚೆನ್ನಪ್ಪ, ನಿನಗೆ ಇವತ್ತಿನ ಕೂಲಿ ತಪ್ಪುವುದಿಲ್ಲ. ಅಗೆ. ಬಾವಿ ಅಲ್ಲ. ಉಳಿದ ಐದು ಬಚ್ಚಲಿನ ಹಿಂದೆಯೂ ಬಾಗಿಯ ಮನೆಯಲ್ಲಿರುವಂಥ ಗುಂಡಿ ಅಗೆ. ಬಾವಿಯ ಹತ್ತಿರ ಇರುವ ಆ ಹಳೆಯ ಕಕ್ಕಸು ಉಂಟಲ್ಲ, ಅದನ್ನು ಒಡೆದು ಸಾಲಿನ ಆಚೆ ತುದಿಗೆ ಹಾಕು. ಹೊಸ ಎರಡು ಮನೆಗೂ ಮೊದಲು ಗುಂಡಿ, ಆಮೇಲೆ ಗೋಡೆ" ಎಂದರು.

ಅಮೆ, ಅಂದರೆ ಹೆರಿಗೆಯ ಸೂತಕ, ಕಳೆದ ದಿನ ಬಾಣಂತಿ ಬಾವಿಗೆ ಬಂದು ಪೂಜೆ ಮಾಡಿ ನೀರು ಸೇದುವ ಕ್ರಮ ನಮ್ಮ ಮನೆತನದಲ್ಲಿ ಉಂಟು. ಮೇ ತಿಂಗಳ ಸುಡುವ ಬಿಸಿಲು, ಆಚೆ ಓಣಿಯವರು ಕುಡಿಯುವ ನೀರಿಗೆ ಅರ್ಧ ಮೈಲು ನಡೆಯುತ್ತಿದ್ದರು. ನನ್ನ ಮುದ್ದು ಹೂ, ವೀಳ್ಯ ಇಟ್ಟು, ಹಗ್ಗ ಹಿಡಿದು, ಒಂದು ಕೊಡ ಸಿಹಿನೀರು ಮೇಲಕ್ಕೆ ಎಳೆದಳು. ಆಸ್ಯಮ್ಮನ ತೊಡೆಯ ಮೇಲೆ ಮಗು ಮಲಗಿತ್ತು. ನಾನು ಎಲ್ಲರ ಎದುರು ಅವಳಿಗೆ ಹೇಳಿದೆ: "ನಾನು ನಿನಗೆ ಬೈದದ್ದು ತಪ್ಪು." ಅಷ್ಟು ಹೇಳಲು ನನಗೆ ಒಂದು ತಿಂಗಳು ಬೇಕಾಯಿತು.

ಅಕ್ಕ ತಂಗಿಯರೇ, ಅಣ್ಣಂದಿರೇ, ಈ ಹಾಳೆಯನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಬೇಡಿ. ಈಗಲೇ ಎದ್ದು ನಿಮ್ಮ ಬಚ್ಚಲಿನ ಹಿಂದೆ ಹೋಗಿ ನೋಡಿ. ಇವತ್ತು ನೀವು ಸ್ನಾನ ಮಾಡಿದ ನೀರು ಎಲ್ಲಿದೆ? ಓಣಿಯಲ್ಲಿ ಹರಿಯುತ್ತಿದ್ದರೆ ಅದನ್ನು ತಡೆಯಿರಿ, ಗುಂಡಿ ತೆಗೆಯಿರಿ, ಸೋಸಿ ಗಿಡಕ್ಕೆ, ಕಕ್ಕಸಿಗೆ ಬಿಡಿ. ಕಕ್ಕಸು, ಕೊಚ್ಚೆಗುಂಡಿ ಬಾವಿಯ ಹತ್ತಿರ ಇದ್ದರೆ ದೂರ ಮಾಡಿ. ಕುಡಿಯುವ ನೀರನ್ನು ಕುದಿಸಿ. ಕಡಲಿನ ಬದಿಯಲ್ಲಿರುವವರು ಬಾವಿ ಆಳ ಮಾಡುವ ಮೊದಲು ತಿಳಿದವರನ್ನು ಕೇಳಿ. ನಮ್ಮ ಮನೆಯಲ್ಲಿ ಹಾಗೆ ನಡೆಯುವುದಿಲ್ಲ, ಗಂಡಸರು ಒಪ್ಪುವುದಿಲ್ಲ, ಧಣಿಗಳು ಬಿಡುವುದಿಲ್ಲ ಎಂದು ಹೇಳಬೇಡಿ. ನಮ್ಮ ಧಣಿಗಳೂ ಮೊದಲು ಬಿಟ್ಟಿರಲಿಲ್ಲ. ನಿಮ್ಮ ಊರಿನಲ್ಲೂ ಬಾವಿಗೆ ಒಂದು ಕಟ್ಟೆ ಉಂಟಲ್ಲ? ಹತ್ತಿ ಕುಳಿತುಕೊಳ್ಳಿ.